ಹಿಡಿಯೊಳಗಿನ ತುಕ್ಕು

ಸರ್‌ಪ್ರೈಸ್ ಎಂದರೆ ಏನಿರಬಹುದು? ವರ್ತೂರು ಕೆರೆಯ ಏರಿಯ ಮೇಲೆ ಕಾರುಗಳ ಸಾಲು ಅಲುಗಾಡದೆ ನಿಂತಿತ್ತು. ಕೆರೆಯ ಬಿಳಿ ನೊರೆ ಗಾಳಿಗೆದ್ದು ಬಂದು ಮುಂದಿನ ಗಾಜಿಗೆ ಮೆತ್ತಿಕೊಳ್ಳುತ್ತಿತ್ತು. ಕೊಟ್ರೇಶನ ತಲೆಯಲ್ಲಿ ಮಾತ್ರ ಬೆಳಗಿನಿಂದ ಆ ಒಂದೇ ಮಾತು ಗಿರಗಿರ ತಿರುಗುತ್ತಿತ್ತು. ಮೊನ್ನೆ ಫೋನ್ ಮಾಡಿ, ಕತ್ತಿ ನೋಡಲು ಮತ್ತೆ ಬರುತ್ತೇನೆ, ಈ ಸಲ ತೆಗೆದುಕೊಂಡೇ ಹೋಗುತ್ತೇನೆ ಎಂದಾಗ ಕೃಷ್ಣ, "ಬನ್ನಿ ಸಾರ್, ನಿಮಗೊಂದು ಸರ್‌ಪ್ರೈಸ್ ಇಟ್ಟಿದೀವಿ," ಎಂದು ನಕ್ಕು ಫೋನ್ ಇಟ್ಟುಬಿಟ್ಟಿದ್ದ. ಮಾರುವವನ ಬಾಯಲ್ಲಿ ಸರ್‌ಪ್ರೈಸ್ ಎಂದರೆ ಬೆಲೆ ಏರಿಸಿದ್ದಾನೆ ಎಂದರ್ಥ. ಇಲ್ಲವೇ ಇನ್ನೊಬ್ಬ ಗಿರಾಕಿ ಗಂಟುಬಿದ್ದಿರಬೇಕು. ಇಲ್ಲವೇ, ಆ ಕತ್ತಿ ಎಂಥದ್ದು ಎಂದು ಯಾರೋ ಪುಣ್ಯಾತ್ಮರು ಅವನಿಗೆ ಹೇಳಿಬಿಟ್ಟಿರಬೇಕು. ಈ ಮೂರನೆಯದನ್ನು ನೆನೆದಾಗಲೆಲ್ಲ ಕೊಟ್ರೇಶ ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತಿದ್ದ. ಪಕ್ಕದಲ್ಲಿ, ಅವನ ಕಾರ್ಖಾನೆಗೆ ಬಂದಿದ್ದ ಜಪಾನಿನ ಮುದುಕ ಹಿರಾನೊ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದ. ದಸರೆಯ ರಜೆ, ಸುಡುವ ಬಿಸಿಲು, ಆದರೂ ಮನುಷ್ಯ ಟೈ ಕಟ್ಟಿಕೊಂಡು ಬಂದಿದ್ದ. ಹಳೆಯ ಕತ್ತಿಯ ಎದುರಿಗೆ ಟೈ ಇಲ್ಲದೆ ಹೋಗಬಾರದಂತೆ. ಕೊಟ್ರೇಶ ತಾನು ಹಾಕಿಕೊಂಡಿದ್ದ ಅರೆತೋಳಿನ ಟೀ ಶರ್ಟನ್ನು ಒಮ್ಮೆ ನೋಡಿಕೊಂಡು, ಛೆ, ಎಂದುಕೊಂಡ.

ನಿನ್ನೆ ಆಯುಧಪೂಜೆ. ರಸ್ತೆಯ ತುಂಬ ಒಡೆದ ಬೂದುಗುಂಬಳ, ಕುಂಕುಮ ಮೆತ್ತಿದ ತಿರುಳು, ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು. ಮುಂದಿನ ನೀರಿನ ಟ್ಯಾಂಕರಿಗೆ ಎರಡು ಬಾಳೆಕಂದು ಕಟ್ಟಿದ್ದರು, ಅದು ಕಲ್ಯಾಣಮಂಟಪವೇ ಹೊರಟಂತೆ ಕಾಣುತ್ತಿತ್ತು. "ವೈ ಬ್ರೋಕನ್, ಕೊತ್ತೋ-ಸಾನ್?" ಎಂದು ಹಿರಾನೊ ಕುಂಬಳಕಾಯಿಯನ್ನು ತೋರಿಸಿ ಕೇಳಿದ. ಫೆಸ್ಟಿವಲ್ ಸರ್, ನಾವು ಆಯುಧಗಳಿಗೆ, ಮಶೀನುಗಳಿಗೆ ಪೂಜೆ ಮಾಡುತ್ತೇವೆ, ತೊಳೆದು ಬೆಳಗಿ ಕುಂಕುಮ ಇಡುತ್ತೇವೆ ಎಂದು ಕೊಟ್ರೇಶ ಇಂಗ್ಲಿಷಿನಲ್ಲಿ ವಿವರಿಸಿದ. ಹಿರಾನೊ ತಲೆದೂಗಿ, "ವೆರಿ ಗುಡ್. ಟೂಲ್ ಈಸ್ ಗಾಡ್," ಎಂದ. ತೊಳೆದು ಬೆಳಗಿ ಎಂದ ತನ್ನ ಮಾತು ಕಿವಿಯಲ್ಲಿ ಒಂದು ಕ್ಷಣ ಉಳಿದಂತಾಯಿತು, ಅಷ್ಟರಲ್ಲಿ ಹಿಂದಿನವನು ಹಾರ್ನ್ ಹೊಡೆದ, ಗಾಡಿ ಮುಂದಕ್ಕೆ ಹೋಯಿತು.

ಕತ್ತಿ ಸಿಕ್ಕಿದ್ದು ಇಂಟರ್‌ನೆಟ್ಟಿನಲ್ಲಿ. ಹೊಟ್ಟೆ ಕರಗಿಸಿಕೊಳ್ಳಲು ಸೆಕೆಂಡ್ ಹ್ಯಾಂಡ್ ಟ್ರೆಡ್‌ಮಿಲ್ ಹುಡುಕುತ್ತಿದ್ದ ಕೊಟ್ರೇಶನಿಗೆ ಒಂದು ಟ್ರೆಡ್‌ಮಿಲ್ಲು ಮತ್ತು ಒಂದು ಪೊಮೆರೇನಿಯನ್ ಮರಿಯ ನಡುವೆ ಆ ಜಾಹೀರಾತು ಕಂಡಿತ್ತು: ಒರಿಜಿನಲ್ ಸಮುರಾಯ್ ಕತ್ತಿ, ತಾತನ ಕಾಲದ್ದು, ಸೀರಿಯಸ್ ಜನ ಮಾತ್ರ ಫೋನ್ ಮಾಡಿ. ಫೋಟೋದಲ್ಲಿ ಕತ್ತಿಯನ್ನು ಗ್ಯಾಸ್ ಸಿಲಿಂಡರಿಗೆ ಒರಗಿಸಿದ್ದರು. ಅಂಚಿನಲ್ಲಿ ಯಾರದೋ ಹವಾಯಿ ಚಪ್ಪಲಿಯ ಕಾಲು. ನಗು ಬಂದಿತ್ತು. ಆದರೆ ಆ ಬಾಗು ಕಣ್ಣಿನಿಂದ ಹೋಗಲಿಲ್ಲ. ಅಂದಿನಿಂದ ಊಟದ ಹೊತ್ತು, ಮೀಟಿಂಗಿನ ಹೊತ್ತು, ಕಮೋಡಿನ ಮೇಲೆ ಕೂತ ಹೊತ್ತು, ಎಲ್ಲ ಹೊತ್ತಿನಲ್ಲೂ ಅವನು ಜಪಾನಿನ ಕತ್ತಿಗಳ ಬಗ್ಗೆ ಓದಿದ. ತುಕ್ಕಿನ ವಿಷಯಕ್ಕೆ ಅಮೆರಿಕದವರೂ ಜರ್ಮನಿಯವರೂ ಒಬ್ಬರನ್ನೊಬ್ಬರು ತಾಯಿ ತಂದೆ ಹಿಡಿದು ಬೈದುಕೊಳ್ಳುವ ವೆಬ್‌ಸೈಟುಗಳಿದ್ದವು. ಅಲ್ಲಿ ಅವನು ಕಲಿತದ್ದು ಇಷ್ಟು: ಅಲಗನ್ನು ಯಾರು ಬೇಕಾದರೂ ಹೊಳೆಸಬಹುದು, ಅಲಗಿನ ಅಂಚಿನ ಮಂಜಿನಂಥ ಗೆರೆಯನ್ನು ಆಸಿಡ್ಡಿನಲ್ಲಿ ಬರೆಯಬಹುದು, ಯುದ್ಧಕಾಲದಲ್ಲಿ ಫ್ಯಾಕ್ಟರಿಯಿಂದ ರಾಶಿಗಟ್ಟಲೆ ಬಂದದ್ದನ್ನೇ ಪುರಾತನವೆಂದು ಮಾರಬಹುದು. ಸುಳ್ಳು ಹೇಳಲಾರದ್ದು ಒಂದೇ, ಹಿಡಿಯೊಳಗೆ ಹುದುಗಿರುವ ಕಬ್ಬಿಣದ ಬಾಲ. ಕಮ್ಮಾರ ತನ್ನ ಹೆಸರು ಕೆತ್ತುವುದು ಅಲ್ಲಿ. ಅದರ ಮೇಲೆ ಯಾರ ಕೈಯೂ ಸೋಕದೆ ತಲೆಮಾರುಗಳ ಕಾಲ ತಾನಾಗಿ ಬೆಳೆದ ಕಪ್ಪು ತುಕ್ಕೇ ಕತ್ತಿಯ ವಯಸ್ಸಿಗೆ ಸಾಕ್ಷಿ. ಆ ತುಕ್ಕನ್ನು ಕೆರೆದರೆ ಕತ್ತಿ ಸತ್ತಂತೆ. ತುಕ್ಕು ಕಂಡದ್ದನ್ನೆಲ್ಲ ಕಾರ್ಖಾನೆಯ ರಿಜೆಕ್ಟ್ ಮಾಲಿನ ಕೆಂಪು ಡಬ್ಬಿಗೆ ಎಸೆದು ಇಷ್ಟು ವರ್ಷ ಸಂಬಳ ತೆಗೆದುಕೊಂಡವನಿಗೆ, ತುಕ್ಕಿಗೂ ಬೆಲೆಯುಂಟೆನ್ನುವ ಲೋಕವೊಂದಿದೆ ಎಂದು ತಿಳಿದು ಒಂಥರಾ ಅಮಲೇರಿತ್ತು.

ಕೊಟ್ರೇಶ ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥ. ಅಲ್ಲಿ ಕಾರಿನ ಬ್ರೇಕಿಗೆ ಬೇಕಾದ ಪಿಸ್ಟನ್ ಮಾಡಿ ಜಪಾನಿಗೆ ಕಳಿಸುತ್ತಾರೆ. ಕೊಳ್ಳುವ ಕಂಪನಿಯ ಪರವಾಗಿ ತಪಾಸಣೆಗೆ ಬಂದು ಕೂತವನು ಹಿರಾನೊ, ಬರುವ ತಿಂಗಳು ನಿವೃತ್ತನಾಗಿ ಊರಿಗೆ ಹೋಗುವವನು. ಬಂದ ಹೊಸತರಲ್ಲಿ ಒಂದು ದಿನ ಅವನು ಲೈನಿನ ಎಲ್ಲರ ಎದುರಿಗೆ, ಕೊಟ್ರೇಶ ಪಾಸು ಮಾಡಿದ ರಾಶಿಗೆ ಕೈ ಹಾಕಿ, ಒಂದು ಪಿಸ್ಟನ್ನನ್ನು ಹೆಬ್ಬೆಟ್ಟಿನಡಿ ಹೊರಳಿಸಿ, ಏನೂ ಅಳೆಯದೆ ಕೆಂಪು ಡಬ್ಬಿಗೆ ಹಾಕಿದ್ದ. ಆಮೇಲೆ ಅಳೆದರೆ ಅವನೇ ಸರಿ. "ಕೊತ್ತೋ-ಸಾನ್, ಯುವರ್ ಐ ಈಸ್ ಓನ್ಲಿ ಲುಕಿಂಗ್. ನಾಟ್ ಸೀಯಿಂಗ್," ಎಂದಿದ್ದ, ಬಹಳ ಮರ್ಯಾದೆಯಿಂದ. ಅಷ್ಟು ಸಾಕಾಯಿತು. ಕ್ಯಾಂಟೀನಿನಲ್ಲಿ ಕೊಟ್ರೇಶ ತಟ್ಟೆ ಹಿಡಿದು ಯೋಚಿಸುತ್ತ ನಿಂತರೆ ಹಿಂದಿನಿಂದ ಯಾರಾದರೂ, "ಏನ್ ಸಾರ್, ಓನ್ಲಿ ಲುಕಿಂಗಾ?" ಎನ್ನುವರು. ಅವನೂ ಎಲ್ಲರ ಜೊತೆ ನಕ್ಕು, ಮುದ್ದೆ ಹಾಕಿಸಿಕೊಂಡು, ಮೂಲೆಯ ಟೇಬಲ್ಲಿಗೆ ಹೋಗಿ ಅದನ್ನು ತಟ್ಟೆಯಲ್ಲೇ ಉರುಳಿಸುತ್ತ ಕೂರುವನು. ಸಾಲದ್ದಕ್ಕೆ ಆ ಹೆಸರು ಬೇರೆ. ಕೊಟ್ಟೂರು ಬಸವೇಶ್ವರನ ಹೆಸರಿಟ್ಟುಕೊಂಡು ಹುಟ್ಟಿದವನು ಹಿರಾನೊನ ಬಾಯಲ್ಲಿ ಮೊದಲು ಕೊತ್ತೊರೇಸು ಆಗಿ, ಅದೂ ಉದ್ದವೆನಿಸಿ ಕೊತ್ತೋ ಆಗಿದ್ದ, ಜೊತೆಗೆ ಮರ್ಯಾದೆಗೊಂದು ಸಾನ್. ಮುದ್ದಿಗೆ ಕರೆಯುತ್ತಾನೆಂದು ತಿಳಿದಿದ್ದನು. ಕತ್ತಿಯ ಬಗ್ಗೆ ಓದುತ್ತ ಓದುತ್ತ, ಜಪಾನಿ ಮಾತಿನಲ್ಲಿ ಕೊತ್ತೋ ಎಂದರೆ ಹಳೇ ಕಾಲದ ವಸ್ತು, ಅಟ್ಟದ ಸಾಮಾನು ಎಂದು ಗೊತ್ತಾದ ದಿನ ಅವನಿಗೆ ನಿದ್ದೆ ಹತ್ತಲಿಲ್ಲ. ಇಷ್ಟು ದಿನ ಈ ಮುದುಕ ತನ್ನನ್ನು, ಎಲ್ಲರ ಎದುರಿಗೆ, ಲೇ ಗುಜರಿ ಎಂದು ಕರೆಯುತ್ತಿದ್ದನೇ?

ಹಾಗೆ ನೋಡಿದರೆ ಕತ್ತಿ ಬೇಕೆನಿಸಿದ್ದೇ ಆವತ್ತು. ತೋರಿಸಬೇಕು ಈ ಮನುಷ್ಯನಿಗೆ, ಅವನ ನಾಡಿನ ವಸ್ತುವನ್ನೇ ಗುರುತಿಸಿ ಅವನ ಮುಂದಿಟ್ಟು, ಈಗ ಹೇಳಪ್ಪ, ಲುಕಿಂಗೋ ಸೀಯಿಂಗೋ ಎಂದು ಕೇಳಬೇಕು. ಅವನು ವಿಮಾನ ಹತ್ತುವ ಮೊದಲು ಇದೊಂದು ಆಗದಿದ್ದರೆ ಸಾಯುವ ತನಕ ತಾನು ಕ್ಯಾಂಟೀನಿನ ಲುಕಿಂಗೇ. ಹೋದ ತಿಂಗಳು ಒಂದು ಭಾನುವಾರ ಬ್ರೂಕ್‌ಫೀಲ್ಡಿನ ಫ್ಲಾಟಿನಿಂದ ಒಬ್ಬನೇ ಹೊರಟು ಗುಂಜೂರಿನ ಆಚೆಯ ಹಳ್ಳಿಗೆ ಹೋದ. ಹಳ್ಳಿ ಎನ್ನುವುದು ಬರೀ ಮಾತಿಗೆ. ಎರಡು ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಒಂದು ಹಂಚಿನ ಮನೆ, ಮುಂದೆ ಎರಡು ಹಸು, ನಾಲ್ಕು ಕ್ಯಾಬು. ಕ್ಯಾಬುಗಳು ಕೃಷ್ಣನವು, ಐಟಿ ಕಂಪನಿಗಳಿಗೆ ಬಿಟ್ಟಿದ್ದ. ಮನೆ ಕೆಡವಿ ಪೀಜಿ ಕಟ್ಟಿಸುವುದಿದೆ, ಹಳೇದೆಲ್ಲ ಇಡೋಕೆ ಜಾಗ ಇಲ್ಲ ಸಾರ್, ಎಂದ. ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅವನ ಅಜ್ಜಿ ಚಿಕ್ಕಮುನಿಯಮ್ಮ ತಲೆಯೆತ್ತಿ, "ನಮ್ಮೆಜಮಾನ್ರು ಲಕ್ಷ್ಮಯ್ನೋರು ಮಿಲ್ಟ್ರೀಲಿ ಇದ್ದಾಗ ಬರ್ಮಾದಿಂದ ತಂದಿದ್ದು ಸೋಮಿ. ಜಪಾನಿನೋನು ಸೋತು ಇದನ್ನ ಕೆಳಗಿಕ್ಕಿದ್ನಂತೆ. ಇಕ್ಕುವಾಗ ಅತ್ತುಬುಟ್ನಂತೆ, ಅಷ್ಟು ದೊಡ್ಡ ಆಫೀಸರು," ಎಂದಳು. ವರ್ಷಕ್ಕೊಂದು ಸಲ, ಆಯುಧಪೂಜೆಗೆ, ಆ ಕತ್ತಿಯಿಂದ ಒಂದು ಬೂದುಗುಂಬಳ ಕಡಿಯುತ್ತಿದ್ದರಂತೆ. ಮಿಕ್ಕಂತೆ ಹರಳೆಣ್ಣೆ ಸವರಿ, ಹಳೇ ಸೀರೆಯಲ್ಲಿ ಸುತ್ತಿ, ಅಟ್ಟದ ಮೇಲೆ.

ಜಪಾನಿ ಹೋಟೆಲಿನಲ್ಲಿ ಊಟದ ಜೊತೆ ಕೊಟ್ಟಿದ್ದ ಕಡ್ಡಿಯನ್ನು ಕೊಟ್ರೇಶ ಇದಕ್ಕೆಂದೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಹಿಡಿಯ ಬಿದಿರಿನ ಬೆಣೆಯನ್ನು ಅದರಿಂದ ತಳ್ಳಿ ಹಿಡಿಯನ್ನು ಮೆಲ್ಲನೆ ಎಳೆದ. ಬಂತು. ಅಮ್ಮನ ದೋಸೆಹಂಚಿನಂಥ ಕಪ್ಪು. ಬೆರಳಾಡಿಸಿದರೆ ಒಂದು ಚೂರೂ ಅಂಟಲಿಲ್ಲ. ಕಪ್ಪಿನೊಳಗೆ ಉಳಿಯ ಗೀರುಗಳು ಒಂದರ ಕೆಳಗೊಂದು ಇಳಿದಿದ್ದವು, ಯಾರದೋ ಹೆಸರು. ಕೊಟ್ರೇಶನಿಗೆ ಒಮ್ಮೆಲೇ ಅಳು ಬರುವಂತಾಯಿತು. ಅಳತೆಯಿಲ್ಲ, ಗೇಜಿಲ್ಲ, ಯಾರ ಸಹಿಯೂ ಬೇಡ. ಇದು ನಿಜ ಎಂದು ಅವನ ಮೈಗೆ ಗೊತ್ತಾಯಿತು. ಬದುಕಿನಲ್ಲಿ ಮೊದಲ ಸಲ ಏನನ್ನೋ ಕಂಡೆ ಎನಿಸಿತು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದ. ತಲೆಯೆತ್ತಿದರೆ ಕೃಷ್ಣ ಅವನ ಮುಖವನ್ನೇ ನೋಡುತ್ತಿದ್ದ. ಅಯ್ಯಯ್ಯೋ, ಕಂಡುಬಿಟ್ಟ, ಬೆಲೆ ಏರಿಸುತ್ತಾನೆ ಎನಿಸಿತು. ಕೊಟ್ರೇಶ ಕೂಡಲೇ ಮುಖ ಗಂಟಿಕ್ಕಿ, ಕತ್ತಿಯನ್ನು ಸಂತೆಯ ಬದನೆಕಾಯಿಯಂತೆ ಆಚೀಚೆ ಹೊರಳಿಸಿ, ನಾಲಗೆಯಿಂದ ಲೊಚಗುಟ್ಟಿದ.

"ಎಲ್ಲಾ ಓಕೆ ಕಣ್ರೀ. ಆದ್ರೆ ಇಲ್ಲಿ ನೋಡಿ, ಪೂರ್ತಿ ತುಕ್ಕು. ಇದೊಂದೇ ಐಬು. ಈ ತುಕ್ಕೊಂದು ಇಲ್ದೇ ಇದ್ದಿದ್ರೆ ನೀವು ಕೇಳಿದಷ್ಟು ಕೊಟ್ಟು ಈಗ್ಲೇ ತೊಗೊಂಡು ಹೋಗ್ತಿದ್ದೆ."

ಕೃಷ್ಣನ ಮುಖ ಪೆಚ್ಚಾಯಿತು. ಅಜ್ಜಿ ಮಾತ್ರ ಬಗ್ಗಿ ಆ ಕಪ್ಪು ಬಾಲವನ್ನು ದಿಟ್ಟಿಸಿ, "ಅಯ್ಯ, ಇದರೊಳಗೆ ಇಂಗಿತ್ತಾ? ಇಷ್ಟು ವರ್ಸ ಮೇಲ್ಮೇಲೆ ಪೂಜೆ ಮಾಡಿದ್ನಲ್ಲಪ್ಪ ಪಾಪಿ ನಾನು," ಎಂದು ಗಲ್ಲ ಬಡಿದುಕೊಂಡಳು. ಯೋಚನೆ ಮಾಡಿ ಹೇಳುತ್ತೇನೆ ಎಂದು ಕೊಟ್ರೇಶ ಎದ್ದು ಬಂದ. ಯೋಚಿಸುವುದು ಏನೂ ಇರಲಿಲ್ಲ. ಕಾಯಿಸಿದರೆ ಇಳಿಯುತ್ತಾನೆ ಎಂಬುದಷ್ಟೇ.

ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ಹೇಳುವಾಗ ಅವನು ತನ್ನ ಜಾಣತನವನ್ನು ಸ್ವಲ್ಪ ಹೆಚ್ಚೇ ಹೊಗಳಿಕೊಂಡ. ಸ್ಫೂರ್ತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ನಿಮ್ಮ ಚಾಳಿ ಬಿಡಂಗಿಲ್ಲ ನೋಡ್ರಿ," ಎಂದಳು. "ನನ್ನ ನೋಡಾಕ ಬಂದಾಗೂ ಹಿಂಗ ಮಾಡಿದ್ರಲ್ಲ. ಹುಡುಗಿ ಎಲ್ಲಾ ಚಲೋ ಅದಾಳ, ಹಲ್ಲೊಂದು ಸೊಟ್ಟೈತಿ ಅಂತ ನಿಮ್ಮ ಸೋದರಮಾವ ಅಂದ. ನೀವು ಹೂಂ ಅಂತ ಗೋಣು ಹಾಕಿದ್ರಿ. ಬಾಗ್ಲ ಹಿಂದ ನಿಂತು ಕೇಳಿದ್ದೆ." ಮದುವೆಗೆ ಮೊದಲೇ ಅವಳ ಅಪ್ಪ ದಾವಣಗೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹಲ್ಲಿಗೆ ತಂತಿ ಕಟ್ಟಿಸಿ, ನೆಟ್ಟಗೆ ಮಾಡಿಸಿ ಕೊಟ್ಟಿದ್ದ. ಕೊಟ್ರೇಶನಿಗೆ ಆ ಹುಡುಗಿ ಹಿಡಿಸಿದ್ದೇ ಆ ಸೊಟ್ಟ ಹಲ್ಲಿಗಾಗಿ. ನಕ್ಕಾಗ ತುಟಿಗೆ ಸಿಕ್ಕಿಕೊಳ್ಳುತ್ತಿದ್ದ ಆ ಹಲ್ಲನ್ನು ನೆನೆದು ಹಗರಿಬೊಮ್ಮನಹಳ್ಳಿಯವರೆಗೂ ಬಸ್ಸಿನಲ್ಲಿ ಒಬ್ಬನೇ ನಕ್ಕುಕೊಂಡು ಹೋಗಿದ್ದ. ಅದನ್ನು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ. ಆಗ ಮಾವನಿಗೆ ಎದುರಾಡಲು ನಾಚಿಕೆ, ಆಮೇಲೆ ಹೇಳಲು ತಡವಾಗಿತ್ತು. ಅವಳೀಗ ಜಾಹೀರಾತಿನ ಹೆಂಗಸಿನಂತೆ ಒಂದೇ ಸಮ ನಗುತ್ತಾಳೆ. "ರೊಟ್ಟಿ ಆರ್ತೈತಿ, ಉಣ್ರಿ," ಎಂದು ತಟ್ಟೆ ಸರಿಸಿದಳು.

ಆ ವಾರವೇ ಅವನು ಫೋಟೋವನ್ನು ವೆಬ್‌ಸೈಟಿಗೆ ಹಾಕಿದ್ದ. ಯಾರೋ ಜರ್ಮನಿಯವನು ಕೂಡಲೇ ಉತ್ತರ ಬರೆದಿದ್ದ: ಮುಟ್ಟಬೇಡ, ಒರೆಸಬೇಡ, ಅದರ ಮೇಲೆ ಉಸಿರು ಕೂಡ ಬಿಡಬೇಡ. ಅದನ್ನು ಓದಿ ಕೊಟ್ರೇಶ ಕೃಷ್ಣನ ನಂಬರು ಹುಡುಕಿ ಫೋನನ್ನು ಕಿವಿಗಿಟ್ಟುಕೊಂಡದ್ದುಂಟು. ಮುಟ್ಟಬೇಡಿ ಎಂದರೆ, ಯಾಕೆ ಸಾರ್ ಎನ್ನುತ್ತಾನೆ. ಯಾಕೆ ಎಂದು ಹೇಳಿದರೆ ಬೆಲೆ ಹೋಗಿ ಆಕಾಶಕ್ಕೆ ಕೂರುತ್ತದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದ. ಹಿಡಿಯೊಳಗೆ ಇರುವುದನ್ನು ಯಾರು ಮುಟ್ಟುತ್ತಾರೆ, ಇಷ್ಟು ವರ್ಷ ಮುಟ್ಟದವರು, ಎಂದು ಸಮಾಧಾನ ಮಾಡಿಕೊಂಡ. ಮರುದಿನ ಎದೆಗಟ್ಟಿ ಮಾಡಿ ಹಿರಾನೊನ ಕೋಣೆಗೆ ಹೋಗಿ, ಏನೂ ಹೇಳದೆ ಫೋನನ್ನು ಅವನ ಮೇಜಿನ ಮೇಲಿಟ್ಟ. ಹಿರಾನೊ ಕನ್ನಡಕ ಹಾಕಿಕೊಂಡ. ತೆಗೆದ. ಒರೆಸಿ ಮತ್ತೆ ಹಾಕಿಕೊಂಡ. "ದಿಸ್ ರಸ್ಟ್," ಎಂದ, "ದಿಸ್ ರಸ್ಟ್ ಈಸ್ ಬ್ಯೂಟಿಫುಲ್." ಆಮೇಲೆ ಎದ್ದು ನಿಂತು, ಹಿಂದೆಂದೂ ಮುಟ್ಟದವನು, ಕೊಟ್ರೇಶನ ಭುಜದ ಮೇಲೆ ಕೈಯಿಟ್ಟು, "ಕೊತ್ತೋ-ಸಾನ್ ಫೌಂಡ್ ಕೊತ್ತೋ!" ಎಂದು ಮಗುವಿನಂತೆ ನಕ್ಕ. ಕೊತ್ತೋ ಎಂದರೆ ಗುಜರಿಯಲ್ಲವಂತೆ. ಹಳೆಯದು, ಆದರೆ ಮನೆಯವರು ಯಾರಿಗೂ ಕೊಡದೆ ಇಟ್ಟುಕೊಳ್ಳುವಂಥದ್ದಂತೆ. "ಯೂ ಸಾ ಇಟ್," ಎಂದ. ನೀನು ಕಂಡೆ. ಕೊಟ್ರೇಶ ಹೊರಗೆ ಬಂದು ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡ. ಕೊತ್ತೋ, ಕೊತ್ತೋ ಎಂದು ಬಾಯೊಳಗೇ ಹೇಳಿಕೊಂಡ. ಇಂಥ ಒಳ್ಳೆಯ ಹೆಸರು ತನಗೆ ಹೆತ್ತವರೂ ಇಟ್ಟಿರಲಿಲ್ಲ ಎನಿಸಿತು. ಒಂದೇ ಒಂದು ಕಿರಿಕಿರಿ ಉಳಿದಿತ್ತು. ಬಾಗಿಲಿನ ತನಕ ಬಂದು ಹಿರಾನೊ ಕೇಳಿದ್ದ, ಇದರ ಬೆಲೆ ಮನೆಯವರಿಗೆ ಗೊತ್ತಿದೆಯಲ್ಲವೇ, ನೀನು ಹೇಳಿದ್ದೀಯಲ್ಲವೇ ಎಂದು. "ಆಫ್‌ಕೋರ್ಸ್ ಸರ್," ಎಂದಿದ್ದ ಕೊಟ್ರೇಶ. "ಗುಡ್. ಓನರ್ ಮಸ್ಟ್ ನೋ," ಎಂದಿದ್ದ ಮುದುಕ. ಊರಿಗೆ ಹೋಗುವ ಮೊದಲು ತಾನೂ ಒಮ್ಮೆ ನೋಡಬೇಕು, ಕರೆದುಕೊಂಡು ಹೋಗು ಎಂದೂ ಹೇಳಿದ್ದ.

ಅದಕ್ಕೇ ಈ ಪಯಣ. ಗುಂಜೂರು ದಾಟಿದಂತೆ ಕೊಟ್ರೇಶ ಲೆಕ್ಕ ಹಾಕತೊಡಗಿದ. ಹಿರಾನೊನಿಗೆ ಕನ್ನಡ ಬಾರದು. ಅಜ್ಜಿಗೆ ಇಂಗ್ಲಿಷ್ ಬಾರದು. ನಡುವೆ ಕೂತವನು ತಾನು. ಹಾಗಾಗಿ ಯಾವ ಮಾತು ಯಾವ ಕಡೆಗೆ ದಾಟಬೇಕು, ಯಾವುದು ದಾಟಬಾರದು ಎನ್ನುವುದು ತನ್ನ ಕೈಯಲ್ಲಿದೆ. ಇಷ್ಟು ಹೊಳೆದ ಮೇಲೆ ಅವನು ಸ್ವಲ್ಪ ನಿರಾಳವಾಗಿ, ಏಸಿ ಹೆಚ್ಚು ಮಾಡಿದ.

ಮನೆಯ ಮುಂದೆ ನಾಲ್ಕೂ ಕ್ಯಾಬುಗಳು ಮಿಂದು, ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ಕೃಷ್ಣ ಓಡಿಬಂದು ಬಾಗಿಲು ತೆಗೆದ. ಜಪಾನಿನವರನ್ನು ಕಂಡು ಅವನಿಗೆ ಆದ ಸಂತೋಷ ಇಷ್ಟಷ್ಟಲ್ಲ. "ಅಜ್ಜೀ, ಜಪಾನಿಂದಾನೇ ಬಂದವ್ರೆ!" ಎಂದು ಕೂಗಿದ. ಹಿರಾನೊ ಹೊಸಲಿನಲ್ಲಿ ಶೂ ಬಿಚ್ಚಿ ಜೋಡಿಸಿಟ್ಟು, ಅಜ್ಜಿಗೆ ಸೊಂಟದವರೆಗೆ ಬಗ್ಗಿ ವಂದಿಸಿದ. ಚಿಕ್ಕಮುನಿಯಮ್ಮ ಗಾಬರಿಯಾಗಿ, "ಅಯ್ಯೋ, ಏಳಪ್ಪ, ಏಳು, ಸೊಂಟ ಇಡ್ಕಂಡಾತು," ಎಂದಳು. ಕೊಟ್ರೇಶ ಅದನ್ನು ವೆಲ್‌ಕಮ್ ಎಂದು ಅನುವಾದಿಸಿದ. ನಡುಮನೆಯಲ್ಲಿ ಮಣೆಯ ಮೇಲೆ ಹೊಸ ಟವಲು, ಟವಲಿನ ಮೇಲೆ ಕತ್ತಿ, ಅಲಗಿಗೆ ಮೂರೆಳೆ ವಿಭೂತಿ, ತುದಿಗೊಂದು ನಿಂಬೆಹಣ್ಣು. ಹಿಡಿ ಇರಲಿಲ್ಲ. ಹಿಡಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಕಿಟಕಿಯ ಬಿಸಿಲು ಬಿದ್ದ ಕಡೆ ಕೊಟ್ರೇಶನ ಕಣ್ಣಿಗೆ ಏನೋ ಫಳ್ಳನೆ ಹೊಡೆಯಿತು.

"ಎಂಗೆ ಸಾರ್ ಸರ್‌ಪ್ರೈಸು?" ಎಂದ ಕೃಷ್ಣ. "ಅಜ್ಜಿ ಉಣಸೇಹಣ್ಣು ಹಾಕಿ ಉಜ್ಜಿ ಉಜ್ಜಿ ನೋಡ್ತು, ಬರ್ಲಿಲ್ಲ. ಆಮೇಲೆ ನಾನೇ ಮಹದೇವಪುರದ ಬಫಿಂಗ್ ಶಾಪ್‌ಗೆ ತೊಗೊಂಡ್ಹೋದೆ. ನಿಮ್ ಕಂಪ್ನಿ ಪಿಸ್ಟನ್ನಿಗೆ ಪಾಲಿಶ್ ಮಾಡ್ಕೊಡ್ತಾರಲ್ಲ, ಅವರೇ. ಕೊಟ್ರೇಶ್ ಸಾರ್ ತುಕ್ಕು ಇರಬಾರ್ದು ಅಂದವ್ರೆ ಅಂದೆ. ನಿಮ್ಮ ಹೆಸ್ರು ಕೇಳಿದ್ದೇ, ಕಾಸೂ ಮುಟ್ಲಿಲ್ಲ ಸಾರ್. ಮಿರರ್ ಫಿನಿಶ್ ಕೊಟ್ಟವ್ರೆ. ಮುಖ ನೋಡ್ಕೋಬೋದು, ನೋಡಿ."

ಕೊಟ್ರೇಶ ನೋಡಿದ. ಮುಖ ಕಾಣಿಸಿತು. ಬಾಲ ತಲೆಯಿಂದ ತುದಿಯವರೆಗೆ ಬೆಳ್ಳಿಯ ಚಮಚದಂತೆ ಹೊಳೆಯುತ್ತಿತ್ತು. ಹೆಸರಿದ್ದ ಕಡೆ ಒಂದು ಗೀರೂ ಇರಲಿಲ್ಲ. ಕೆಲಸ ಬಹಳ ಚೊಕ್ಕವಾಗಿತ್ತು. ಇದೇ ಶಾಪಿಗೆ ಹೋದ ವರ್ಷ ಅವನೇ ಸರ್ಟಿಫಿಕೇಟ್ ಕೊಟ್ಟಿದ್ದ. ಎಂಥ ಹುಚ್ಚೋ ಏನೋ, ಎಲ್ಲ ಬಿಟ್ಟು ಮೊದಲು ಅವನಿಗೆ ಹೊಳೆದದ್ದು ಇದು ಪಾಸು ಎಂದು. ಹಿರಾನೊ ಮಂಡಿಯೂರಿ ಕೂತಿದ್ದ. ಕತ್ತಿಯನ್ನು ಎತ್ತಿಕೊಳ್ಳಲಿಲ್ಲ. ಕೈ ಅರ್ಧ ಮುಂದಕ್ಕೆ ಹೋಗಿ ಅಲ್ಲೇ ನಿಂತಿತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೊಟ್ರೇಶ ತಡೆದುಕೊಳ್ಳುತ್ತಿದ್ದ.

"ಹೂ ಡಿಡ್ ದಿಸ್?" ಎಂದು ಹಿರಾನೊ ಬಹಳ ಮೆಲ್ಲಗೆ ಕೇಳಿದ.

ಕೊಟ್ರೇಶನ ಬಾಯಿಂದ ಇಂಗ್ಲಿಷು ತಾನಾಗಿ ಸುರಿಯಿತು. ಅಷ್ಟು ಒಳ್ಳೆಯ ಇಂಗ್ಲಿಷನ್ನು ಅವನು ಯಾವ ಮೀಟಿಂಗಿನಲ್ಲೂ ಆಡಿರಲಿಲ್ಲ. ಈ ಜನ ಹೀಗೇ ಸರ್, ಹಳ್ಳಿಯವರು, ಅಕ್ಷರ ಗೊತ್ತಿಲ್ಲ, ಹಬ್ಬ ಬಂತೆಂದರೆ ಕಂಡದ್ದನ್ನೆಲ್ಲ ಉಜ್ಜುತ್ತಾರೆ. ನಾನು ಅವತ್ತೇ ಹೇಳಿದ್ದೆ ಸರ್, ಎಷ್ಟು ಸಲ ಹೇಳಿದ್ದೆ, ತುಕ್ಕನ್ನು ಮುಟ್ಟಬೇಡಿ, ಬೆಲೆ ಇರುವುದೇ ಆ ತುಕ್ಕಿಗೆ ಎಂದು. ಇವರಿಗೆ ಅರ್ಥವಾಗುವುದಿಲ್ಲ ಸರ್. ಹೇಳುತ್ತ ಹೇಳುತ್ತ ಅವನಿಗೆ ಅದು ನಿಜವೇ ಎನ್ನಿಸತೊಡಗಿ, ಕಣ್ಣಲ್ಲಿ ನೀರೂ ಬಂತು.

"ಏನಂತಪ್ಪಾ ಆಯಪ್ಪ?" ಎಂದಳು ಅಜ್ಜಿ.

"ಚೆನ್ನಾಗಿದೆ ಅಂತಿದಾರೆ ಅಜ್ಜಿ."

ಅಜ್ಜಿಯ ಬೊಚ್ಚುಬಾಯಿ ಅರಳಿತು. "ಎಲ್ಲಾ ಈ ಸೋಮೀನೇ ಏಳಿಕೊಟ್ಟಿದ್ದು ಅಂತ ಏಳು ಮತ್ತೆ. ಇಲ್ದಿದ್ರೆ ನಮಗೆಲ್ಲಿ ತಿಳೀತಿತ್ತು? ಏಳಪ್ಪ, ನಾಚ್ಕಬ್ಯಾಡ."

ಕೊಟ್ರೇಶ ಅದನ್ನು ಅನುವಾದಿಸದೆ ಕತ್ತಿಯ ಕಡೆ ತಿರುಗಿದ. ಕಾಫಿಯ ತಟ್ಟೆ ಹಿಡಿದು ಬಂದ ಕೃಷ್ಣ ಬಾಗಿಲಲ್ಲೇ ನಿಂತಿದ್ದ. ನಗು ಹೋಗಿತ್ತು. ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ಟವಲಿಗೆ ಕೈಯೊರೆಸಿಕೊಂಡು ಹತ್ತಿರ ಬಂದ. ಅಜ್ಜಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಮಾತಾಡಿದ.

"ಸಾರ್, ನಾನು ದಿನಾ ಓಡ್ಸೋದು ನಿಮ್ಮಂಥೋರ್ನೇ. ನಂಗೂ ಇಂಗ್ಲಿಷ್ ಬರುತ್ತೆ."

ಕೊಟ್ರೇಶ ಕತ್ತಿಯನ್ನೇ ನೋಡುತ್ತಿದ್ದ. ಅದರಲ್ಲಿ ತನ್ನ ಮುಖ, ಪಕ್ಕದಲ್ಲಿ ಕೃಷ್ಣನದು.

"ತುಕ್ಕಿಗೇ ಬೆಲೆ ಇತ್ತಾ ಸಾರ್?" ಎಂದ ಕೃಷ್ಣ. ಅಜ್ಜಿಯ ಕಡೆ ಒಮ್ಮೆ ತಿರುಗಿ ನೋಡಿದ. "ಅಜ್ಜಿಗೆ ಹೇಳ್ಬೇಡಿ. ಉಣಸೇಹಣ್ಣಿಗೆ ಕೈಯೆಲ್ಲ ಸೀಳೋಗವೆ ಅದಕ್ಕೆ."

"ವಾಟ್ ಈಸ್ ಹೀ ಸೇಯಿಂಗ್?" ಎಂದ ಹಿರಾನೊ.

ಹೇಳಬಹುದಿತ್ತು. ಒಂದೇ ವಾಕ್ಯ. ಕೊಟ್ರೇಶನಿಗೆ ಅದು ಇಂಗ್ಲಿಷಿನಲ್ಲಿ, ವ್ಯಾಕರಣ ಸಮೇತ, ನಾಲಗೆಯ ತುದಿಯವರೆಗೆ ಬಂದಿತ್ತು. "ಹೀ ಈಸ್ ಸೇಯಿಂಗ್ ಥ್ಯಾಂಕ್ಯೂ, ಸರ್," ಎಂದ.

ಕೃಷ್ಣ ಅವನನ್ನು ಒಂದು ಕ್ಷಣ ನೋಡಿದ. ಆಮೇಲೆ ಹಿರಾನೊನ ಕಡೆ ತಿರುಗಿ, ದಿನವೂ ಗಿರಾಕಿಗಳಿಗೆ ಹೇಳುವ ಚೊಕ್ಕ ಇಂಗ್ಲಿಷಿನಲ್ಲಿ, "ಸರ್, ಇದನ್ನು ಕೆಳಗಿಟ್ಟವನು ಅತ್ತನಂತೆ. ನಮ್ಮ ತಾತ ಹೇಳುತ್ತಿದ್ದರು. ಅದನ್ನು ನಿಮಗೆ ಹೇಳಬೇಕೆಂದು ಅಜ್ಜಿಗೆ ಆಸೆ," ಎಂದ. ಅಷ್ಟೇ. ಹಿರಾನೊ ಕೃಷ್ಣನನ್ನು ನೋಡಿದ, ಅವನ ಇಂಗ್ಲಿಷನ್ನು ಕೇಳಿಸಿಕೊಂಡ, ಅಜ್ಜಿಯ ಬಿರಿದ ಕೈಗಳನ್ನು ನೋಡಿದ, ಕೊನೆಗೆ ಕೊಟ್ರೇಶನನ್ನು ನೋಡಿದ. ಹೆಬ್ಬೆಟ್ಟಿನಡಿ ಪಿಸ್ಟನ್ ಹೊರಳಿಸುವಾಗ ಹೇಗೆ ನೋಡುತ್ತಿದ್ದನೋ ಹಾಗೆ. ಮತ್ತೆ ಕತ್ತಿಗೆ ಹಣೆ ನೆಲಕ್ಕೆ ತಾಗುವಂತೆ ವಂದಿಸಿದ. ಅಜ್ಜಿ ಅವನಿಗೆ ನಿಂಬೆಹಣ್ಣು ಕೊಟ್ಟಳು, ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಕೊಳ್ಳುವ ಮಾತು ಯಾರೂ ಎತ್ತಲಿಲ್ಲ. ಕೃಷ್ಣ ಕತ್ತಿಯನ್ನು ಹಳೇ ಸೀರೆಯಲ್ಲಿ ಸುತ್ತತೊಡಗಿದಾಗ, "ಯಾಕ್ಲಾ, ಸೋಮಿ ತಕಂಡೋಗಲ್ವಂತಾ?" ಎಂದು ಅಜ್ಜಿ ಕೇಳಿದ್ದು ಕೊಟ್ರೇಶನಿಗೆ ಅಂಗಳದಲ್ಲಿ ಕೇಳಿಸಿತು. "ಇಲ್ಲ ಕಣಜ್ಜಿ, ಇಷ್ಟು ಚೆನ್ನಾಗಾಗದೆ, ನಾವೇ ಇಟ್ಕಳನ," ಎಂದ ಕೃಷ್ಣ.

ವಾಪಸು ಬರುವಾಗ ಕೆರೆ ಏರಿಯ ಮೇಲೆ ಮತ್ತೆ ಕಾರುಗಳ ಸಾಲು. ಹಿರಾನೊ ಅಂಗೈಯಲ್ಲಿ ನಿಂಬೆಹಣ್ಣು ಹಿಡಿದು ನೆಟ್ಟಗೆ ಕೂತಿದ್ದ. ಕೊಟ್ರೇಶ ಮಾತಾಡಿದ. ಇಂಥ ಕತ್ತಿಗಳು ಇನ್ನೂ ಸಿಗುತ್ತವೆ ಸರ್, ನಾನು ಹುಡುಕುತ್ತೇನೆ ಸರ್, ಹವಾಮಾನ, ಟ್ರಾಫಿಕ್, ಏನೇನೋ. ಹಿರಾನೊ ಪ್ರತಿಯೊಂದಕ್ಕೂ ಮರ್ಯಾದೆಯಿಂದ ತಲೆ ಬಾಗಿಸಿದ. ಗೆಸ್ಟ್‌ಹೌಸಿನ ಮುಂದೆ ಕಾರು ನಿಂತಾಗ ಇಳಿದು, ಕಿಟಕಿಗೆ ಬಗ್ಗಿ, ಒಂದೊಂದೇ ಅಕ್ಷರವನ್ನು ಹುಡುಕಿ ಜೋಡಿಸುವವನಂತೆ ಹೇಳಿದ: "ಥ್ಯಾಂಕ್ಯೂ, ಕೊ-ತ್ತೊ-ರೇ-ಸು-ಸಾನ್."

ಕೊಟ್ರೇಶ ಕಿಟಕಿಯ ಕಡೆ ಬಾಗಿದ. "ಸರ್, ಕೊತ್ತೋ ಅಂದ್ರೆ ಸಾಕು ಸರ್. ಕೊತ್ತೋ ಈಸ್ ಓಕೆ," ಎಂದ, ನಗಲು ನೋಡುತ್ತ.

"ನೋ, ನೋ," ಎಂದ ಹಿರಾನೊ. "ಯುವರ್ ನೇಮ್, ಐ ಮಸ್ಟ್ ಸೇ ಕರೆಕ್ಟ್ಲಿ."